ಸೀಲಂಟ್ ಮೇಲೆ ವ್ಯಾಕ್ಸ್: ಕಡಲ ಬದಿಯ ಕಾರಿಗೆ ನಿಜಕ್ಕೂ ಡಬಲ್ ರಕ್ಷಣೆಯಾ?

ಇವತ್ತಿನ ಸಂಚಿಕೆ ಕೇಳುಗರೊಬ್ಬರ ವಾಯ್ಸ್ ಮೆಸೇಜ್‌ನಿಂದ ಹುಟ್ಟಿದ್ದು. ಪ್ರಶ್ನೆ ಇಷ್ಟೇ: "ಕಾರಿಗೆ ಪೇಂಟ್ ಸೀಲಂಟ್ ಹಾಕಿಸಿದ್ದೇನೆ. ಅದರ ಮೇಲೆ ವ್ಯಾಕ್ಸ್ ಕೂಡ ಹಾಕಿದ್ರೆ ಡಬಲ್ ರಕ್ಷಣೆ ಅಂತ ಹೇಳ್ತಾರೆ. ಹೌದಾ, ಅಲ್ಲ ದುಡ್ಡು ದಂಡವಾ?" ಒಂದೇ ಸಾಲಲ್ಲಿ ಉತ್ತರ ಬೇಕಾದವರಿಗೆ: ಹಾಕಬಹುದು, ಪ್ರಯೋಜನವೂ ಉಂಟು, ಆದರೆ ಡಬಲ್ ಅಲ್ಲ. ಯಾಕೆ ಅಂತ ತಿಳಿಬೇಕಾದ್ರೆ ಪೂರ್ತಿ ಕೇಳಿ.

ಮೊದಲು ಕಾರಿನ ಚರ್ಮದ ವಿಷಯ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಈ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ಅಂದರೆ ನಮ್ಮ ಒಂದು ತಲೆಗೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗ ಅದರಲ್ಲೇ ಸ್ವಲ್ಪ ಸವೆಯುತ್ತದೆ. ಹಾಗಾಗಿ ಅದನ್ನು ಮುಟ್ಟದೆ, ಅದರ ಮೇಲೆ ಇನ್ನೊಂದು ಪದರ ಕೂರಿಸಿ, ಸವೆಯುವುದಿದ್ದರೆ ಅದೇ ಸವೆಯಲಿ ಅನ್ನೋದು ಸೀಲಂಟ್ ಮತ್ತು ವ್ಯಾಕ್ಸ್ ಎರಡರದ್ದೂ ಉದ್ದೇಶ.

ಎರಡರ ಜಾತಿ ಮಾತ್ರ ಬೇರೆ. ಸೀಲಂಟ್ ಕಾರ್ಖಾನೆಯಲ್ಲಿ ತಯಾರಾದ ಪಾಲಿಮರ್. ಚೊಕ್ಕವಾದ ಕ್ಲಿಯರ್ ಕೋಟ್‌ಗೆ ಅದು ಅಂಟಿಕೊಳ್ಳುತ್ತದೆ, ಸಾಮಾನ್ಯವಾಗಿ 4ರಿಂದ 6 ತಿಂಗಳು ಬಾಳುತ್ತದೆ. ವ್ಯಾಕ್ಸ್‌ನಲ್ಲಿ ಹೆಸರುವಾಸಿ ಆಗಿರೋದು ಕಾರ್ನೌಬಾ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ತೆಗೆಯುವ ಮೇಣ. ಹೊಳಪು ಚಂದ, ನೀರು ಮುತ್ತಿನ ಹಾಗೆ ಉರುಳುತ್ತದೆ. ಆದರೆ ಆಯುಷ್ಯ ಕೆಲವು ವಾರಗಳದ್ದು ಮಾತ್ರ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೇನೆ: ಸೀಲಂಟ್ ಅಂದ್ರೆ ಎಫ್‌ಡಿ, ವ್ಯಾಕ್ಸ್ ಅಂದ್ರೆ ಪೆಟ್ಟಿ ಕ್ಯಾಶ್. ದಿನದ ಸಣ್ಣಪುಟ್ಟ ಖರ್ಚು ಪೆಟ್ಟಿ ಕ್ಯಾಶ್‌ನಲ್ಲಿ ಹೋದರೆ ಎಫ್‌ಡಿ ಮುರಿಯಬೇಕಾಗಿಲ್ಲ. ಹಕ್ಕಿ ಹಿಕ್ಕೆ, ಮಾವಿನ ಮರದ ಅಂಟು, ಉಪ್ಪಿನ ಪದರ ಇವೆಲ್ಲ ಮೊದಲು ವ್ಯಾಕ್ಸನ್ನು ತಿನ್ನುತ್ತವೆ, ಕೆಳಗಿನ ಸೀಲಂಟ್‌ಗೆ ಸ್ವಲ್ಪ ಉಸಿರಾಡಲು ಸಮಯ ಸಿಗುತ್ತದೆ. ಪ್ರಯೋಜನ ಇಷ್ಟೇ. 6 ತಿಂಗಳಿಗೆ 2 ತಿಂಗಳು ಕೂಡಿಸಿ 8 ತಿಂಗಳು ಅಂತ ಯಾರಾದ್ರೂ ಲೆಕ್ಕ ಹೇಳಿದ್ರೆ ನಂಬಬೇಡಿ.

ಈಗ ಕ್ರಮ. ನಮ್ಮಲ್ಲಿ ಒಂದು ಮಾತುಂಟು: "ಎರ್ಮಾಳ್ ಜಪ್ಪು, ಖಂಡೇವು ಅಡೆಪು". ಜಾತ್ರೆಗಳ ಸಾಲು ಎರ್ಮಾಳಿನಲ್ಲಿ ಶುರು, ಖಂಡೇವಿನಲ್ಲಿ ಮುಗಿತಾಯ. ಅದನ್ನು ತಿರುಗಿಸಲಿಕ್ಕೆ ಆಗುವುದಿಲ್ಲ. ಇಲ್ಲೂ ಹಾಗೆಯೇ. ಸೀಲಂಟ್ ಮೊದಲು, ವ್ಯಾಕ್ಸ್ ಕೊನೆಗೆ. ವ್ಯಾಕ್ಸ್ ಮೇಲೆ ಸೀಲಂಟ್ ಹಚ್ಚಿದರೆ ಅದು ಕ್ಲಿಯರ್ ಕೋಟನ್ನು ಮುಟ್ಟುವುದೇ ಇಲ್ಲ. ಎಣ್ಣೆ ಹಚ್ಚಿದ ಗೋಡೆಗೆ ಪೋಸ್ಟರ್ ಅಂಟಿಸಿದ ಹಾಗೆ, ವ್ಯಾಕ್ಸ್ ಜೊತೆಗೆ ಅದೂ ಹೋಗುತ್ತದೆ.

ಮಾಡುವ ಬಗೆ ಹೀಗೆ. ಕಾರನ್ನು ಶಾಂಪೂ ಹಾಕಿ ತೊಳೆಯಿರಿ. ಕೈಗೆ ಒರಟು ಸಿಕ್ಕಿದರೆ ಕ್ಲೇ ಬಾರ್ ಉಜ್ಜಿ. ಹಳೆ ವ್ಯಾಕ್ಸ್, ಎಣ್ಣೆ ಏನೂ ಉಳಿಯದ ಹಾಗೆ ಪ್ಯಾನೆಲ್ ವೈಪ್‌ನಿಂದ ಒರೆಸಿ. ನೆರಳಿನಲ್ಲಿ, ತಣ್ಣಗಿರುವ ಬಾಡಿಗೆ ಸೀಲಂಟ್ ತೆಳುವಾಗಿ ಹಚ್ಚಿ. ಆಮೇಲೆ ತಾಳ್ಮೆ. ಹೆಚ್ಚಿನ ಸೀಲಂಟ್‌ಗಳಿಗೆ ಗಟ್ಟಿಯಾಗಲು 12ರಿಂದ 24 ಗಂಟೆ ಬೇಕು. ನಿಮ್ಮ ಬಾಟಲಿ ಮೇಲೆ ಎಷ್ಟು ಬರೆದಿದೆಯೋ ಅಷ್ಟು. ಆ ಹೊತ್ತಿನಲ್ಲಿ ನೀರು ಬೀಳಬಾರದು. ಮರುದಿನ ವ್ಯಾಕ್ಸ್. ಬೆಳಿಗ್ಗೆ ಕೊಟ್ಟ ಕಾರಿಗೆ ಎರಡೂ ಹಾಕಿ ಮಧ್ಯಾಹ್ನ ವಾಪಸ್ ಕೊಡ್ತೇವೆ ಅಂತ ಯಾರಾದ್ರೂ ಹೇಳಿದ್ರೆ, ನಡುವೆ ಎಷ್ಟು ಹೊತ್ತು ಬಿಡ್ತೀರಿ ಅಂತ ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಕೆಲಸ ಗೊತ್ತಿದೆಯೋ ಇಲ್ವೋ ತಿಳಿಯುತ್ತದೆ.

ಯಾವಾಗ ಮಾಡೋದು? ಖಂಡೇವು ಜಾತ್ರೆ ಮೇ ಮಧ್ಯದಲ್ಲಿ ಬರುತ್ತದೆ. ನಮ್ಮ ಕಡೆ ಸೀಲಂಟ್‌ಗೆ ಅದೇ ಸರಿಯಾದ ಹೊತ್ತು. ಜೂನ್ ಬಂದ ಮೇಲೆ ಒಂದು ಪೂರ್ತಿ ದಿನ ಒಣಗಿದ ಗಾಳಿ ಎಲ್ಲಿಂದ ತರ್ತೀರಿ ಮಾರಾಯ್ರೆ? ಮಳೆ ಬಿಡುವು ಕೊಟ್ಟಾಗ ತಿಂಗಳಿಗೊಮ್ಮೆ ವ್ಯಾಕ್ಸ್ ಮಾತ್ರ ಸಾಕು. ನವೆಂಬರ್‌ನಲ್ಲಿ ಎಲ್ಲ ತೆಗೆದು ಮತ್ತೆ ಹೊಸ ಸೀಲಂಟ್.

ಇನ್ನು ಎರ್ಮಾಳಿನಂಥ ಊರಿನ ನಿಜವಾದ ತೊಂದರೆ, ಉಪ್ಪು. ಹೆದ್ದಾರಿ 66ರಿಂದ ಸ್ವಲ್ಪ ಪಡುವಣಕ್ಕೆ ಹೋದ್ರೆ ಕಡಲು. ರಾತ್ರಿ ಹೊರಗೆ ನಿಲ್ಲಿಸಿದ ಕಾರಿನ ಗಾಜಿಗೆ ಬೆರಳು ಎಳೆದು ನಾಲಿಗೆಗೆ ತಾಗಿಸಿ, ಗೊತ್ತಾಗುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಅಂದರೆ ಮಳೆ ಬಾರದಿದ್ದರೂ ಕಾರಿನ ಮೇಲೆ ಉಪ್ಪುನೀರು ಇರುತ್ತದೆ. ತುಕ್ಕು ಹಿಡಿಯಲು ಇಷ್ಟೇ ಸಾಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೀಲಂಟ್ ಆಗಲಿ ವ್ಯಾಕ್ಸ್ ಆಗಲಿ ಕಾಯುವುದು ಪೇಂಟನ್ನು. ತುಕ್ಕು ಶುರುವಾಗುವುದು ಪೇಂಟ್ ಇಲ್ಲದ ಕಡೆ: ಕಲ್ಲು ಸಿಡಿದು ಚಿಪ್ ಆದ ಬಾನೆಟ್ ತುದಿ, ಬಾಗಿಲಿನ ಕೆಳಗಿನ ಮಡಿಕೆ, ಚಕ್ರದ ಕಮಾನಿನ ಒಳಗೆ, ಕಾರಿನ ಅಡಿ. ಅಲ್ಲಿಗೆ ಟಚ್-ಅಪ್ ಪೇಂಟ್ ಬೇಕು, ಅಂಡರ್‌ಬಾಡಿ ಕೋಟಿಂಗ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಿಹಿನೀರಿನಲ್ಲಿ ಅಡಿ ತೊಳೆಯುವ ಅಭ್ಯಾಸ ಬೇಕು. ಸಿಹಿನೀರು ಅಂತ ಬೇಕೆಂದೇ ಹೇಳಿದೆ. ಕಡಲ ಬದಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದರಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ಬೇರೆ ನೀರು ಸಿಗದಿದ್ದರೆ ತೊಳೆದ ತಕ್ಷಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.

ಕೊನೆಗೆ ಖರ್ಚಿನ ಲೆಕ್ಕ. ಅಂಕಿ ಬರೇ ಉದಾಹರಣೆಗೆ: 1,200 ರೂಪಾಯಿಯ ಸೀಲಂಟ್ ಬಾಟಲಿ 6 ಸಲಕ್ಕೆ ಬಂದರೆ ಒಂದು ಸಲಕ್ಕೆ 200. ವರ್ಷಕ್ಕೆ 2 ಸಲ, 400. 800 ರೂಪಾಯಿಯ ವ್ಯಾಕ್ಸ್ ಡಬ್ಬಿ 10 ಸಲಕ್ಕೆ ಬಂದರೆ ಸಲಕ್ಕೆ 80. ಮಳೆಗಾಲದಲ್ಲಿ 4 ಸಲ, 320. ಒಟ್ಟು 720 ರೂಪಾಯಿ, ಮತ್ತೆ ನಿಮ್ಮ ಕೆಲವು ಭಾನುವಾರಗಳು. ನಿಮ್ಮ ಬಾಟಲಿಯ ಬೆಲೆ ಹಾಕಿ ಇದೇ ಲೆಕ್ಕ ಮಾಡಿ, ಆಮೇಲೆ ಸಾವಿರಗಟ್ಟಲೆ ರೂಪಾಯಿಯ ಪ್ಯಾಕೇಜ್ ಕಡೆ ನೋಡಿ. ಕಾರಿನ ಇಎಂಐ ಕಟ್ಟುತ್ತಾ ಇರೋರು ಕೈಯಲ್ಲಿ ದುಡ್ಡು ಒಂದಕ್ಕೆ ಮಾತ್ರ ಇದ್ದರೆ ವ್ಯಾಕ್ಸ್ ಬಿಡಿ, ಸೀಲಂಟ್ ಹಾಕಿ. ಅದಕ್ಕೂ ಮೊದಲು ಆ ಚಿಪ್ ಮುಚ್ಚಿ. ಹೊಳಪು ಆಮೇಲೆಯೂ ಬರುತ್ತದೆ. ತುಕ್ಕು ತಿಂದ ತಗಡು ವಾಪಸ್ ಬರುವುದಿಲ್ಲ.