ಬೆಳಕಿಗೆ ಮಣಿಯುವ ಬಣ್ಣ

ಬಣ್ಣವು ಬರಿಯ ಅಲಂಕಾರವೆನ್ನುವವರಿಗೆ ನಾನು ಕಡು ಉಪ್ಪುನೀರಿನಲ್ಲಿ ಬಾಳುವ ಹ್ಯಾಲೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯನ್ನು ತೋರಿಸಬಯಸುತ್ತೇನೆ. ಅದರ ಪೊರೆಯಲ್ಲಿರುವ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ಪ್ರೋಟೀನನ್ನು 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಲೋಕಕ್ಕೆ ತಿಳಿಸಿದರು. ನಮ್ಮ ಕಣ್ಣಿನಲ್ಲಿಯೂ ಇರುವ ರೆಟಿನಲ್ ಎಂಬ ವರ್ಣದ್ರವ್ಯವೇ ಅದರ ಒಡಲಲ್ಲಿ ಬೆಸೆದುಕೊಂಡಿದೆ. ಬಿಡಿಯಾಗಿದ್ದಾಗ ಹಳದಿಯಾದ ರೆಟಿನಲ್, ಈ ಪ್ರೋಟೀನಿನ ಸಹವಾಸದಲ್ಲಿ ನೇರಳೆಯಾಗುತ್ತದೆ. ಬೆಳಕು ತಾಗಿದೊಡನೆ ನೀಳವಾದ ಅದರ ಅಣು ಬಾಗುತ್ತದೆ. ಅದರೊಡನೆ ಪ್ರೋಟೀನೂ ರೂಪ ಬದಲಿಸಿ ಒಂದು ಪ್ರೋಟಾನನ್ನು ಹೊರಕ್ಕೆ ದಾಟಿಸುತ್ತದೆ. ಹೀಗೆ ಹೊರಗೆ ಸೇರಿದ ಪ್ರೋಟಾನುಗಳು ಒಳಕ್ಕೆ ಮರಳುವಾಗ ಜೀವಕೋಶಕ್ಕೆ ಶಕ್ತಿ ದೊರೆಯುತ್ತದೆ. ಇದೇ ಬಗೆಯ, ಪಾಚಿಯ ಪ್ರೋಟೀನೊಂದರ ಜೀನನ್ನು ಕಣ್ಣಿಗೆ ಸೇರಿಸಿಕೊಂಡ ಅಂಧರೊಬ್ಬರು, ವಿಶೇಷ ಕನ್ನಡಕದ ನೆರವಿನಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದರೆಂದು 2021ರಲ್ಲಿ ವರದಿಯಾಯಿತು. ಬಣ್ಣವೊಂದೇ ಆಗಲಿ ಪ್ರೋಟೀನೊಂದೇ ಆಗಲಿ ಈ ಕೆಲಸ ಮಾಡಲಾರದು. ಕೂಡಿರುವುದರಲ್ಲೇ ಅವುಗಳ ಬಲ.