ಕೆಂಡಕ್ಕೆ ನೀರು ಬೇಡ, ಮುಚ್ಚಳ ಸಾಕು

ಕೊಡಚಾದ್ರಿ ನೋಡೋಕೆ ಅಂತ ನಿಟ್ಟೂರಿನ ಕಡೆ ಹೋಗಿ ಹೋಮ್‌ಸ್ಟೇಯಲ್ಲಿ ಉಳಿದವರಿಗೆ ಈ ದೃಶ್ಯ ಹೊಸದಲ್ಲ. ರಾತ್ರಿ ಗ್ರಿಲ್ ಸುತ್ತ ಹರಟೆ. ಊಟ ಮುಗಿದಿದ್ದೇ ತಡ, ಯಾರೋ ಒಬ್ಬರು ಚೊಂಬು ನೀರು ತಂದು ಕೆಂಡದ ಮೇಲೆ ಚುಂಯ್ ಅನ್ನಿಸಿಬಿಡ್ತಾರೆ. ಇನ್ನೊಂದು ಊಟಕ್ಕೆ ಆಗುವಷ್ಟು ಇದ್ದಿಲು ಅಲ್ಲಿಗೆ ಖಲಾಸ್. ಹಳೇ ಪದ್ಧತಿಯ ಗೂಡಿನಲ್ಲಿ ಒಂದು ಕೆ.ಜಿ. ಇದ್ದಿಲು ಮಾಡಲು ಕಡಿಮೆ ಅಂದರೂ ನಾಲ್ಕೈದು ಕೆ.ಜಿ. ಕಟ್ಟಿಗೆ ಬೇಕು. ಆ ಲೆಕ್ಕದಲ್ಲಿ ಚೆಲ್ಲಿದ್ದು ಎಷ್ಟು ಅಂತ ನೀವೇ ನೋಡಿ.

ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆ ಒಲೆ ಉರಿಸಿದವರು ಹೀಗೆ ಮಾಡಲ್ಲ. ಅವರಿಗೆ ಎರಡು ದಾರಿ ಗೊತ್ತು. ಬೆಳಿಗ್ಗೆಗೆ ಬೆಂಕಿ ಬೇಕಿದ್ದರೆ ಕೆಂಡವನ್ನು ಬೂದಿಯಲ್ಲಿ ಹುದುಗಿಸಿಡುತ್ತಾರೆ. ಅದು ಆರೋದಿಲ್ಲ, ನಿಧಾನಕ್ಕೆ ಸವೆಯುತ್ತಾ ಇರುತ್ತದೆ. ಇದ್ದಿಲು ಬೇಕಿದ್ದರೆ ಹಳೇ ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಗಾಳಿ ಸಿಗದೆ ಕೆಂಡ ಆರುತ್ತದೆ, ಇದ್ದಿಲು ಉಳಿಯುತ್ತದೆ. ಹಿಂದೆ ಇಸ್ತ್ರಿ ಪೆಟ್ಟಿಗೆಗೆ ಬೀಳುತ್ತಿದ್ದದ್ದು ಇಂಥದ್ದೇ ಇದ್ದಿಲು.

ಈಗ ದೊಡ್ಡ ದುಡ್ಡು ಕೊಟ್ಟು ತರುವ ಮೊಟ್ಟೆಯಾಕಾರದ ಸೆರಾಮಿಕ್ ಗ್ರಿಲ್ ಇದೆಯಲ್ಲ, ಅದರ ಗುಟ್ಟೂ ಆ ಡಬ್ಬದ್ದೇ. ಅದನ್ನು ಕಮಾಡೊ ಅಂತಾರೆ. ಜಪಾನಿಯಲ್ಲಿ ಆ ಪದಕ್ಕೆ ಒಲೆ ಅಂತಲೇ ಅರ್ಥ. ಅಡುಗೆ ಮುಗಿದ ಮೇಲೆ ಕೆಳಗಿನ ಗಾಳಿಕಿಂಡಿ, ಮೇಲಿನ ಕಿಂಡಿ ಎರಡನ್ನೂ ಪೂರ್ತಿ ಮುಚ್ಚಿ ಬಿಟ್ಟುಬಿಡಿ. ದಪ್ಪ ಗೋಡೆ ಬಿಸಿ ಹಿಡಿದಿಡುವುದರಿಂದ ತಣ್ಣಗಾಗಲು ಕೆಲವು ಗಂಟೆ ಬೇಕು, ಅವಸರ ಬೇಡ. ನೀರಂತೂ ಹಾಕಲೇಬೇಡಿ: ಕಾದ ಸೆರಾಮಿಕ್ ಬಿರುಕು ಬಿಡಬಹುದು, ಒದ್ದೆ ಬೂದಿ ಕೆಸರಾಗಿ ಕಿಂಡಿಯನ್ನೇ ಕಟ್ಟಿಹಾಕುತ್ತದೆ.

ನಡುವೆ ‘ಆರಿತಾ?’ ಅಂತ ಮುಚ್ಚಳ ಗಕ್ಕನೆ ಎತ್ತಿ ನೋಡುವ ಚಟ ಅಪಾಯದ್ದು. ಗಾಳಿಗೆ ಕಾಯುತ್ತಿದ್ದ ಬಿಸಿ ಅನಿಲ ಒಮ್ಮೆಲೇ ಹೊತ್ತಿ ಜ್ವಾಲೆ ಮುಖಕ್ಕೇ ಬರಬಹುದು. ತೆರೆಯಲೇಬೇಕಿದ್ದರೆ ಮೊದಲು ಬೆರಳಗಲ ಎತ್ತಿ, ಸ್ವಲ್ಪ ಗಾಳಿ ಹೋಗಲು ಬಿಟ್ಟು, ಆಮೇಲೆ ಪೂರ್ತಿ ತೆರೆಯಿರಿ.

ಮುಂದಿನ ಸಲ ಉಳಿದ ಇದ್ದಿಲನ್ನು ಕೆದಕಿ ಬೂದಿ ಉದುರಿಸಿ, ಮೇಲೆ ಒಂದಿಷ್ಟು ಹೊಸದು ಸೇರಿಸಿದರೆ ಆಯಿತು. ಒಮ್ಮೆ ಉರಿದು ಆರಿದ ಇದ್ದಿಲು ಬೇಗ ಹೊತ್ತಿಕೊಳ್ಳುತ್ತದೆ. ಆದರೆ ನಿಟ್ಟೂರಿನಂಥ ಕಡೆ ಮಳೆಗಾಲದಲ್ಲಿ ಇದ್ದಿಲೂ ಥಂಡಿ ಹಿಡಿಯುತ್ತದೆ; ಚೀಲದಲ್ಲಿ ಬಿಡದೆ ಮುಚ್ಚಳದ ಡಬ್ಬದಲ್ಲಿಡಿ.

ಆ ಮಳೆಯಲ್ಲೇ ಇನ್ನೊಂದು ಆಸೆ ಹುಟ್ಟುತ್ತದೆ: ಉಳಿದ ಕೆಂಡವನ್ನು ರೂಮಿಗೆ ತಂದು ಬಾಗಿಲು ಹಾಕಿ ಚಳಿ ಕಾಯಿಸೋಣ ಅಂತ. ಇದು ಖಂಡಿತಾ ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೂ ಆಗದೆ ಜೀವ ಹೋಗಬಹುದು. ಗ್ರಿಲ್ ಆರುವವರೆಗೂ ಹೊರಗೆ, ಸೂರಿನಡಿ ಗಾಳಿಯಾಡುವ ಕಡೆಯೇ ಇರಲಿ. ಚಳಿಗೆ ಕಂಬಳಿ ಕೇಳಿ, ಕೊಡ್ತಾರೆ.