ಮೇಲಧಿಕಾರಿಗೆ ಮೀಸೆ ಬೇಕೆ?

ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವು ಮೊದಲು ಕಲಿಸುವ ನಿಯಮವೊಂದುಂಟು. ಒಂದು ಪರಿಮಾಣದ ಪ್ರಭಾವವನ್ನು ತಿಳಿಯಬೇಕಾದರೆ ಉಳಿದವನ್ನೆಲ್ಲ ಸ್ಥಿರವಾಗಿಟ್ಟು ಅದೊಂದನ್ನೇ ಬದಲಿಸಬೇಕು. ಬಾಯ್ಲನ ನಿಯಮವನ್ನು ಪರೀಕ್ಷಿಸುವಾಗ ಉಷ್ಣತೆಯನ್ನು ಏರಗೊಡುವುದಿಲ್ಲವಷ್ಟೆ. ಉದ್ಯೋಗಕ್ಷೇತ್ರದಲ್ಲಿ ಅಧಿಕಾರವು ಗಂಡಸರಿಗೇ ಏಕೆ ಹೆಚ್ಚಾಗಿ ಒಲಿಯುತ್ತದೆ ಎಂಬ ಪ್ರಶ್ನೆಗೆ ಈ ನಿಯಮವನ್ನು ಅನ್ವಯಿಸುವುದೆಂತು? ಒಂದೇ ವ್ಯಕ್ತಿಯನ್ನು ಒಮ್ಮೆ ಹೆಣ್ಣಾಗಿಯೂ ಒಮ್ಮೆ ಗಂಡಾಗಿಯೂ ಜನರ ಮುಂದೆ ನಿಲ್ಲಿಸಬೇಕಾದೀತು!

ಅಂತಹ ಬಾಳೊಂದು ನಿಜವಾಗಿಯೂ ನಡೆದಿದೆ. ಅಮೆರಿಕದ ನರವಿಜ್ಞಾನಿ ಬೆನ್ ಬ್ಯಾರೆಸ್ 1954ರಲ್ಲಿ ಜನಿಸಿದಾಗ ಹೆಣ್ಣುಮಗುವೆಂದೇ ಎಣಿಸಲ್ಪಟ್ಟವರು. ತಾವು ಗಂಡೆಂಬ ಭಾವವು ಎಳವೆಯಿಂದಲೇ ಅವರ ಮನಸ್ಸಿನಲ್ಲಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ, 1997ರಲ್ಲಿ, ಅವರು ಪುರುಷನಾಗಿ ಬಾಳತೊಡಗಿದರು. ಹಿಂದೆ ವಿದ್ಯಾರ್ಥಿನಿಯೆನಿಸಿಕೊಂಡಿದ್ದ ಕಾಲದಲ್ಲಿ, ತರಗತಿಯಲ್ಲಿ ಬೇರಾರಿಗೂ ಬಗೆಹರಿಯದ ಗಣಿತದ ಸಮಸ್ಯೆಯೊಂದನ್ನು ಅವರು ಬಿಡಿಸಿದ್ದರು. ಗೆಳೆಯನೇ ಮಾಡಿಕೊಟ್ಟಿರಬೇಕೆಂಬುದು ಅಧ್ಯಾಪಕರ ತೀರ್ಪಾಗಿತ್ತು. ಪುರುಷನಾದ ತರುವಾಯ ಅವರ ಉಪನ್ಯಾಸವನ್ನು ಕೇಳಿದವರೊಬ್ಬರು, ಇವರ ಸಂಶೋಧನೆಯು ಇವರ ಸೋದರಿಯದಕ್ಕಿಂತ ಎಷ್ಟೋ ಮೇಲೆಂದು ಮೆಚ್ಚಿಕೊಂಡರಂತೆ! ಆ 'ಸೋದರಿ' ಹಳೆಯ ಹೆಸರಿನ ಬ್ಯಾರೆಸ್ ಅವರೇ. ಈಗ ಗಂಡಸರು ನಡುವೆ ಬಾಯಿ ಹಾಕದೆ ತಮ್ಮ ವಾಕ್ಯವನ್ನು ಮುಗಿಸಗೊಡುತ್ತಾರೆಂದು 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಬರೆದರು. 2008ರಲ್ಲಿ ತಮ್ಮ ವಿಭಾಗದ ಮುಖ್ಯಸ್ಥರಾದ ಅವರು 2017ರಲ್ಲಿ ತೀರಿಕೊಂಡರು.

ಒಬ್ಬರ ಅನುಭವವು ಪ್ರಯೋಗವಾಗಲಾರದೆಂದು ಚುರುಕಾದ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಕೊರತೆಯನ್ನು ನೀಗಿಸುತ್ತದೆ. ಪ್ರಯೋಗಶಾಲೆಯ ವ್ಯವಸ್ಥಾಪಕರ ಹುದ್ದೆಗೆಂದು ಒಂದೇ ಅರ್ಜಿಯನ್ನು ಸಿದ್ಧಗೊಳಿಸಿ, 127 ಮಂದಿ ವಿಜ್ಞಾನದ ಅಧ್ಯಾಪಕರಲ್ಲಿ ಕೆಲವರಿಗೆ 'ಜಾನ್' ಎಂಬ ಹೆಸರಿನಲ್ಲಿಯೂ, ಉಳಿದವರಿಗೆ 'ಜೆನಿಫರ್' ಎಂಬ ಹೆಸರಿನಲ್ಲಿಯೂ ಕಳುಹಿಸಲಾಯಿತು. ಬದಲಾದುದು ಹೆಸರೊಂದೇ. ಜಾನ್ ಹೆಚ್ಚು ಸಮರ್ಥನೆನಿಸಿಕೊಂಡನು. ಅವನಿಗೆ ಸೂಚಿಸಿದ ವಾರ್ಷಿಕ ವೇತನದ ಸರಾಸರಿ ಸುಮಾರು 30,200 ಡಾಲರು, ಜೆನಿಫರಳಿಗೆ ಸುಮಾರು 26,500. ಹೀಗೆ ತೂಗಿದವರಲ್ಲಿ ಅಧ್ಯಾಪಕಿಯರೂ ಇದ್ದರು. ನಮ್ಮ ಭೌತವಿಜ್ಞಾನದವರೂ ಇದ್ದರೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಇದರ ಮೂಲವನ್ನು ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಶೈನ್ 1973ರಲ್ಲಿಯೇ ತೋರಿಸಿದ್ದರು. ಅವರು ವಿಮಾ ಕಂಪನಿಗಳ 300 ಮಂದಿ ಪುರುಷ ವ್ಯವಸ್ಥಾಪಕರಿಗೆ 92 ಗುಣವಿಶೇಷಗಳ ಪಟ್ಟಿಯೊಂದನ್ನು ಕೊಟ್ಟರು. ಅದರ ನೆರವಿನಿಂದ ಕೆಲವರು ಸಾಮಾನ್ಯ ಪುರುಷನನ್ನೂ, ಕೆಲವರು ಸಾಮಾನ್ಯ ಸ್ತ್ರೀಯನ್ನೂ, ಮತ್ತೆ ಕೆಲವರು ಯಶಸ್ವಿ ವ್ಯವಸ್ಥಾಪಕರನ್ನೂ ಬಣ್ಣಿಸಬೇಕಾಗಿತ್ತು. ಮೂರು ಚಿತ್ರಗಳನ್ನೂ ಹೋಲಿಸಿದಾಗ, ಯಶಸ್ವಿ ವ್ಯವಸ್ಥಾಪಕರ ಚಿತ್ರವು ಸ್ತ್ರೀಯ ಚಿತ್ರಕ್ಕಿಂತ ಪುರುಷನ ಚಿತ್ರಕ್ಕೇ ಬಹಳ ಹತ್ತಿರವಾಗಿತ್ತು. ಅಂದಮೇಲೆ ಅರ್ಜಿಯನ್ನು ತೆರೆಯುವ ಮೊದಲೇ ಓದುವವನ ಮನಸ್ಸಿನಲ್ಲಿ ಕುರ್ಚಿಯ ಮೇಲೆ ಒಬ್ಬ ಗಂಡಸು ಕುಳಿತಾಗಿರುತ್ತಾನೆ! 1975ರಲ್ಲಿ ಮಹಿಳಾ ವ್ಯವಸ್ಥಾಪಕರು ಕೊಟ್ಟ ಉತ್ತರವೂ ಬೇರೆಯಾಗಿರಲಿಲ್ಲ. 1989ರಲ್ಲಿ ಪ್ರಕಟವಾದ ಮರುಪರೀಕ್ಷೆಯಲ್ಲಿ ಮಹಿಳೆಯರ ಉತ್ತರ ಬದಲಾಗಿತ್ತು. ಪುರುಷರದು ಹೆಚ್ಚುಕಡಿಮೆ ಹಿಂದಿನಂತೆಯೇ ಇತ್ತು.